ಮೊಟ್ಟೆ ಚೆಂಡಿನ ಊರಿನಲ್ಲಿ ಬೇಸ್‌ಬಾಲ್ ಹುಚ್ಚಿ

ಸಿಡ್ನಿ ವಿಮಾನ ನಿಲ್ದಾಣ

ನನ್ನ ಚೀಲದಲ್ಲಿ ಶೇಂಗಾ ಚಟ್ನಿಪುಡಿ ಇತ್ತು, ಅಗಸಿ ಚಟ್ನಿಪುಡಿ ಇತ್ತು, ಕಟಕ ರೊಟ್ಟಿಯ ದೊಡ್ಡದೊಂದು ಕಟ್ಟು ಇತ್ತು. ಇವುಗಳಲ್ಲಿ ಒಂದನ್ನಾದರೂ ಆಸ್ಟ್ರೇಲಿಯಾದವರು ಕಸಿದುಕೊಳ್ಳದೆ ಬಿಡುವುದಿಲ್ಲವೆಂದು ಧಾರವಾಡದ ನಮ್ಮ ಓಣಿಯವರೆಲ್ಲ ಹೆದರಿಸಿ ಕಳಿಸಿದ್ದರು. ತಪಾಸಣೆಯ ಅಧಿಕಾರಿ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಚಟ್ನಿಪುಡಿಯನ್ನು ಮೂಸಿ, ಒಂದು ಸೀನು ಸೀನಿ, ಎಲ್ಲವನ್ನೂ ಮರಳಿ ಚೀಲದೊಳಗಿಟ್ಟ. ಗೆದ್ದೆ ಅಂದುಕೊಂಡೆ. ಆಗ ಅವನ ಕೈಗೆ ನನ್ನ ಗ್ಲೌಸು ಸಿಕ್ಕಿತು.

ಅದು ಚಳಿಯ ಗ್ಲೌಸಲ್ಲ. ಒಂದು ಕೈಗೆ ಮಾತ್ರ ಹಾಕುವ, ಸಣ್ಣ ಬುಟ್ಟಿಯಷ್ಟು ದೊಡ್ಡ, ದಪ್ಪ ತೊಗಲಿನ ಗ್ಲೌಸು. ಕಾಲೇಜಿನ ದಿನಗಳಲ್ಲಿ ನಾನು ವಿಶ್ವವಿದ್ಯಾಲಯದ ಸಾಫ್ಟ್‌ಬಾಲ್ ತಂಡದ ಕ್ಯಾಚರ್. ಸಾಫ್ಟ್‌ಬಾಲ್ ಎಂದರೆ ಬೇಸ್‌ಬಾಲಿನ ತಂಗಿ. ಬ್ಯಾಟು ಬೀಸುವವಳ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು, ಬಂದ ಚೆಂಡನ್ನೆಲ್ಲ ಹಿಡಿಯುವುದು ಕ್ಯಾಚರಳ ಕೆಲಸ. ಆಮೇಲೆ ನಿವೃತ್ತಿಯ ತನಕ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿ ಅದೇ ಆಟವನ್ನು ಕಲಿಸಿದೆ. ಊರೆಲ್ಲ ಕ್ರಿಕೆಟ್ ನೋಡುವಾಗ ಬೆಳಗಿನ ಜಾವ ಎದ್ದು ಎಲ್ಲಿಯದೋ ಬೇಸ್‌ಬಾಲ್ ಪಂದ್ಯ ನೋಡುವ ಹೆಂಗಸು ಎಂದು ನನಗೆ ಸಣ್ಣದೊಂದು ಕುಖ್ಯಾತಿಯೂ ಇದೆ.

"ಇದಕ್ಕೆ ಮಣ್ಣು ಹತ್ತಿದೆ," ಎಂದ ಅಧಿಕಾರಿ. ಹೊರದೇಶದ ಮಣ್ಣು ಒಂದು ಚಿಟಿಕೆಯೂ ಒಳಗೆ ಬರಕೂಡದಂತೆ. ಧಾರವಾಡದ ಕೆಮ್ಮಣ್ಣು ಎಷ್ಟೋ ವರ್ಷಗಳಿಂದ ಆ ತೊಗಲಿನ ಸಂದಿಯಲ್ಲಿ ಸಂಸಾರ ಹೂಡಿತ್ತು. ಅವನು ಬ್ರಷ್ಷು ತಂದು ತಿಕ್ಕತೊಡಗಿದಾಗ, ಬೇರೆಯವರು ನನ್ನ ಕೂಸಿಗೆ ತಣ್ಣೀರು ಸ್ನಾನ ಮಾಡಿಸುತ್ತಿದ್ದಾರೇನೋ ಅನ್ನಿಸಿ ನಾನು ಕೈಕೈ ಹಿಸುಕಿಕೊಂಡು ನಿಂತೆ. ತಿಕ್ಕಿ ಮುಗಿಸಿ ಅವನು ಗ್ಲೌಸಿನ ನಡುಭಾಗವನ್ನು ಒತ್ತಿ ನೋಡಿ, "ಕ್ಯಾಚರ್?" ಎಂದು ಕೇಳಿದ. ನನಗೆ ಅಲ್ಲೇ ಅವನನ್ನು ಊಟಕ್ಕೆ ಕರೆಯಬೇಕೆನಿಸಿತು. ಇಲ್ಲಿಂದ ಎಲ್ಲಿಗೆ ಹೋಗುತ್ತೀರಿ ಎಂದ. ಸ್ವಲ್ಪ ದಿನ ಸಿಡ್ನಿ, ಆಮೇಲೆ ಮೆಲ್ಬರ್ನ್‌ನಲ್ಲಿ ತಮ್ಮನ ಮನೆ ಎಂದೆ. "ಹಾಗಾದರೆ ಮೆಲ್ಬರ್ನ್‌ನಲ್ಲಿ ಇದನ್ನು ಚೀಲದಿಂದ ಹೊರಗೆ ತೆಗೆಯಬೇಡಿ. ಅಲ್ಲಿಯವರಿಗೆ ಫುಟ್ಬಾಲ್ ಬಿಟ್ಟು ಬೇರೆ ದೇವರಿಲ್ಲ," ಎಂದು ಕಣ್ಣು ಮಿಟುಕಿಸಿದ. ತಮಾಷೆ ಮಾಡುತ್ತಿದ್ದಾನೆಂದುಕೊಂಡೆ.

ವೆಸ್ಟ್‌ಮೀಡ್

ಸಿಡ್ನಿಯಲ್ಲಿ ನಾನಿಳಿದದ್ದು ಪದ್ಮಾಳ ಮನೆಯಲ್ಲಿ. ಪದ್ಮಾ ನಮ್ಮ ತಂಡದ ಪಿಚರ್, ಅಂದರೆ ಚೆಂಡು ಎಸೆಯುವವಳು. ನನ್ನ ಎಡಗೈಯ ಕಿರುಬೆರಳು ಸೊಟ್ಟಗಾಗಿರುವುದಕ್ಕೆ ಅವಳ ಬಲಗೈಯೇ ಕಾರಣ. ಈಗ ಅಲ್ಲಿಯ ದೊಡ್ಡ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ, ಸ್ಟೇಷನ್ ಹತ್ತಿರ ಒಂದು ಫ್ಲ್ಯಾಟು. ಆ ಸಬರ್ಬಿನಲ್ಲಿ ಕಲ್ಲೆಸೆದರೆ ಅದು ಡಾಕ್ಟರಿಗೇ ಬೀಳುತ್ತದೆ, ಅದರಲ್ಲೂ ನಮ್ಮ ಕಡೆಯ ಡಾಕ್ಟರಿಗೆ. ಇದನ್ನು ನಾವು ಮರುದಿನವೇ ಪರೀಕ್ಷೆ ಮಾಡಿದೆವು.

ಪಾರ್ಕಿನಲ್ಲಿ ನಾನು ಗ್ಲೌಸು ಹಾಕಿ ಕುಕ್ಕರಿಸಿದೆ. ಪದ್ಮಾ ಸ್ವೆಟರಿನ ತೋಳು ಮೇಲೇರಿಸಿ, ಕೈಯನ್ನು ಗಾಣದಂತೆ ಒಂದು ಸುತ್ತು ತಿರುಗಿಸಿ, ಎಸೆದಳು. ಮೊದಲ ಚೆಂಡು ಗ್ಲೌಸಿಗೆ ಫಟ್ಟೆಂದು ಬಿತ್ತು. ಇಬ್ಬರೂ ಹುಡುಗಿಯರಾಗಿಬಿಟ್ಟೆವು. ಎರಡನೆಯದು ನನ್ನ ಮೊಣಕಾಲಿಗೆ ಬಿತ್ತು.

ನಾನು "ಅಯ್ಯವ್ವಾ" ಎಂದದ್ದೇ ತಡ, ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು ಊಟಕ್ಕೆ ಹೊರಟಿದ್ದ ಡಾಕ್ಟರುಗಳು ನಾಲ್ಕೂ ಕಡೆಯಿಂದ ಬಂದು ಸೇರಿದರು. ಮೈಸೂರಿನ ಹಿರಿಯರೊಬ್ಬರು ಕಾಲು ಮಡಚಿ ಅಂದರು. ಬೆಂಗಳೂರಿನವಳೊಬ್ಬಳು "ಆಂಟಿ, ಮಡಚ್ಲೇಬೇಡಿ, ಸ್ಟ್ರೇಟ್ ಆಗಿ ಇಟ್ಕೊಳ್ಳಿ," ಅಂದಳು. ಇನ್ನೊಬ್ಬರು ಈ ವಯಸ್ಸಿನಲ್ಲಿ ಈ ಆಟ ಏಕೆ ಎಂದು ಕೇಳಿದರು, ಅದು ನನಗೆ ಚೆಂಡಿಗಿಂತ ಜೋರಾಗಿ ನಾಟಿತು. ಅಷ್ಟು ಜನ ಡಾಕ್ಟರಲ್ಲಿ ಒಬ್ಬರ ಬಳಿಯೂ ಮಂಜುಗಡ್ಡೆಯಿರಲಿಲ್ಲ. ಕೊನೆಗೆ ಮೂಲೆಯ ಮೀನಂಗಡಿಯಿಂದ ಒಂದು ಚೀಲ ಐಸ್ ಬಂತು. ಎರಡು ದಿನ ನನ್ನ ಮೊಣಕಾಲು ಮೀನಿನ ವಾಸನೆ ಹೊಡೆಯಿತು.

ಕುಂಟುತ್ತಿದ್ದವಳನ್ನು ಕೂರಿಸಿ ಪದ್ಮಾ ಟಿವಿಯಲ್ಲಿ ಸಿಡ್ನಿಯವರ ಫುಟ್ಬಾಲ್ ತೋರಿಸಿದಳು. ಗೋಡೆಯಂಥ ಗಂಡಸರು ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಾರೆ, ಉಳಿದವರು ಅವರನ್ನು ಕೆಡವಿ ಮೇಲೆ ಬೀಳುತ್ತಾರೆ. ಕಬಡ್ಡಿಯನ್ನು ಉಸಿರು ಬಿಗಿಹಿಡಿಯದೆ ಆಡಿದರೆ ಹೀಗಿರುತ್ತದೆ.

"ಪದ್ದೀ, ಫುಟ್ಬಾಲ್ ಅಂದ್ರ ಕಾಲಿಲೆ ಆಡೂದಲ್ಲೇನು?"

"ಇಲ್ಲಿ ಇದನ್ನ ಫುಟ್ಬಾಲ್ ಅಂತಾರ. ಮೆಲ್ಬರ್ನ್‌ನಾಗ ಹೋಗಿ ಇದಕ್ಕ ಫುಟ್ಬಾಲ್ ಅಂದೀ, ಅಲ್ಲಿಯವರು ನಿನ್ನ ಮನಿಯೊಳಗ ಕರ್ಕೊಳ್ಳೂದಿಲ್ಲ. ಅವರದು ಬ್ಯಾರೇನೇ ಅದ. ಅದರ ಚೆಂಡೂ ಮೊಟ್ಟಿನೇ, ಆದ್ರ ಆ ಕೋಳಿ ಬ್ಯಾರೆ."

ಕ್ರಾನ್‌ಬರ್ನ್

ಮೆಲ್ಬರ್ನ್ ವಿಮಾನ ನಿಲ್ದಾಣದಲ್ಲಿ ತಮ್ಮ ರಘು ನನ್ನ ಕಾಲಿಗೆ ನಮಸ್ಕಾರ ಮಾಡಿದ. ಬಗ್ಗಿದಾಗ ಅವನ ಕೊರಳಿನ ಪಟ್ಟೆಪಟ್ಟೆ ಉಣ್ಣೆಯ ಸ್ಕಾರ್ಫು ನನ್ನ ಚಪ್ಪಲಿಯ ಮೇಲೆ ಬಿತ್ತು. ಎದ್ದವನು ಮೊದಲು ಒರೆಸಿದ್ದು ಸ್ಕಾರ್ಫನ್ನು. ಆಮೇಲೆ, ಆರಾಮಿದ್ದೀಯೇನಕ್ಕಾ ಎಂದು ಕೇಳಿದ.

ಕ್ರಾನ್‌ಬರ್ನ್‌ನ ಅವನ ಮನೆಯಲ್ಲಿ ಮೂವರು: ಎಂಜಿನಿಯರ್ ರಘು, ಮೈಸೂರಿನಿಂದ ಬಂದ ಅವನ ಹೆಂಡತಿ ವೀಣಾ, ಹದಿನೈದರ ಮಗಳು ಮೇಘಾ. ನಾಲ್ಕನೆಯದು ಫುಟ್ಬಾಲ್ ಕ್ಲಬ್ಬು. ದೇವರ ಮನೆಯ ಎದುರಿನ ಗೋಡೆಗೆ ಕ್ಲಬ್ಬಿನ ಕ್ಯಾಲೆಂಡರು, ಚಹದ ಕಪ್ಪಿಗೆ ಕ್ಲಬ್ಬಿನ ಬಣ್ಣ. ರಘುವಿನ ಆಫೀಸಿನಲ್ಲಿ ಕೂಸು ಹುಟ್ಟಿದರೆ, ಹೆಸರಿಡುವ ಮೊದಲೇ ಅಪ್ಪನ ಕ್ಲಬ್ಬಿನ ಸದಸ್ಯತ್ವ ಮಾಡಿಸುವವರಿದ್ದಾರಂತೆ. ನಮ್ಮಲ್ಲಿ ಗೋತ್ರ ಕೇಳುವ ಹಾಗೆ ಅಲ್ಲಿ ಯಾವ ಟೀಮು ಎಂದು ಕೇಳುತ್ತಾರೆ. ಇಲ್ಲ ಎಂಬ ಉತ್ತರಕ್ಕೆ ಜಾಗವೇ ಇಲ್ಲ.

ಮೇಘಾ ನನ್ನ ಚೀಲ ಬಿಚ್ಚುವಾಗ ಹತ್ತಿರ ಕೂತಿದ್ದಳು. ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಗ್ಲೌಸು ಹೊರಬಿದ್ದದ್ದೇ ಅವಳ ಕಣ್ಣುಗಳು ಅರಳಿದವು.

"ಅತ್ತಿ! ಈಸ್ ದಟ್ ಎ ಕ್ಯಾಚರ್ಸ್ ಮಿಟ್?"

ಬಾಗಿಲು ಹಾಕಿ ಬಂದು ಮಂಚದ ಕೆಳಗಿನಿಂದ ತನ್ನ ಚೀಲ ಎಳೆದಳು. ಒಳಗೆ ಬ್ಯಾಟು, ಹೆಲ್ಮೆಟ್ಟು, ಹಸಿರು ಅಂಗಿ. ಅವಳು ಅಲ್ಲಿಯ ಸಣ್ಣದೊಂದು ಬೇಸ್‌ಬಾಲ್ ತಂಡಕ್ಕೆ ಆಡುತ್ತಿದ್ದಳು. ಹುಡುಗರ ನಡುವೆ ಮೂವರು ಹುಡುಗಿಯರು. ಅಪ್ಪನಿಗೆ ಗೊತ್ತಿತ್ತು, ಆದರೆ ಅವನ ಲೆಕ್ಕದಲ್ಲಿ ಅದು ಡ್ರಾಯಿಂಗ್ ಕ್ಲಾಸಿನ ಹಾಗೆ, ಬಿಡುವಿದ್ದಾಗ ಹೋಗುವಂಥದು. ಶನಿವಾರ ಬಿಡುವಿನ ದಿನವಲ್ಲ, ಫುಟ್ಬಾಲಿನ ದಿನ. ಅಪ್ಪನ ಜೊತೆ ಸ್ಟೇಡಿಯಮ್ಮಿಗೆ ಹೋಗಿ ಎರಡು ಶನಿವಾರ ತನ್ನ ಮ್ಯಾಚು ತಪ್ಪಿಸಿಕೊಂಡಿದ್ದಳು. ಈಗ ಬರಲಿರುವ ಶನಿವಾರ ಅವಳ ತಂಡಕ್ಕೆ ಆಟವಿರಲಿಲ್ಲ, ಅದರ ಮುಂದಿನದು ಮೂರನೆಯದಾಗಲಿತ್ತು. ಮೂರನೆಯ ಸಲ ತಪ್ಪಿದರೆ ನಿನ್ನ ಜಾಗ ಬೇರೆಯವರಿಗೆ ಎಂದು ಕೋಚಮ್ಮ ಹೇಳಿಬಿಟ್ಟಿದ್ದಳು.

"ಅಪ್ಪಗ ಹೇಳೂದು ಬಿಟ್ಟು ನನ್ನ ಮುಂದ್ಯಾಕ ಹೇಳ್ತಿ?"

"ಐ ಕಾಂಟ್, ಅತ್ತಿ. ಹಿ ಲವ್ಸ್ ಇಟ್ ಸೋ ಮಚ್. ಯು ಟೆಲ್ ಹಿಮ್. ಹಿ ಈಸ್ ಸ್ಕೇರ್ಡ್ ಆಫ್ ಯು."

ಅದು ನಿಜ. ಸೋದರತ್ತೆಯ ಮಾತಿಗೆ ನಮ್ಮ ಮನೆಯಲ್ಲಿ ಮೊದಲಿನಿಂದಲೂ ತೂಕ ಸ್ವಲ್ಪ ಹೆಚ್ಚು. ಆಗಲಿ ಎಂದು ಮೀಸೆ ಇಲ್ಲದಿದ್ದರೂ ತಿರುವಿದೆ.

ಮೊದಲ ಶನಿವಾರ, ದೊಡ್ಡ ಮೈದಾನ

ಮೊದಲು ಶತ್ರುವನ್ನು ನೋಡಿಯೇ ಬಿಡೋಣವೆಂದು ಮೇಘಾಳ ಬದಲು ನಾನೇ ರಘುವಿನ ಜೊತೆ ಸ್ಟೇಡಿಯಮ್ಮಿಗೆ ಹೋದೆ. ನಮ್ಮ ಜಿಲ್ಲೆಯ ಅರ್ಧ ಜನ ಕೂರಬಹುದಾದ ಜಾಗ. ಪ್ರತಿ ಕಡೆ ಹದಿನೆಂಟು ಜನ, ಬಿಡುವಿಲ್ಲದ ಓಟ, ಒದೆತ, ನೆಗೆತ. ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನೆರಡು ಕಂಬಗಳ ನಡುವೆ ಚೆಂಡು ಹೋದರೆ ಆರು ಅಂಕ. ಗುರಿ ತಪ್ಪಿ ಪಕ್ಕದ ಕಂಬದ ಕಡೆ ಹೋದರೆ?

"ಆಗ ಒಂದು ಅಂಕ," ಎಂದ ರಘು.

"ತಪ್ಪಿದ್ದಕ್ಕ?"

"ಹೂಂ, ಅಕ್ಕಾ. ಪ್ರಯತ್ನ ಮಾಡ್ಯಾರಲ್ಲ."

ಮೂವತ್ತು ವರ್ಷ ಶಾಲೆಯಲ್ಲಿದ್ದವಳು ನಾನು. ತಪ್ಪು ಉತ್ತರಕ್ಕೂ ಒಂದು ಮಾರ್ಕು ಕೊಡುವ ಮಾಸ್ತರನ್ನು ಕಂಡಿರಲಿಲ್ಲ. ಅಷ್ಟರಲ್ಲಿ ಒಬ್ಬ ಆಟಗಾರ ಇನ್ನೊಬ್ಬನ ಹೆಗಲ ಮೇಲೆ ಮೊಣಕಾಲೂರಿ, ಆಕಾಶಕ್ಕೆ ನೆಗೆದು ಚೆಂಡು ಹಿಡಿದ. ಕ್ಯಾಚರಾದವಳಿಗೆ ಅಂಥದ್ದನ್ನು ಕಂಡು ಸುಮ್ಮನಿರಲಾಗುತ್ತದೆಯೇ? ಎದ್ದು ನಿಂತು ಚಪ್ಪಾಳೆ ತಟ್ಟಿ, ಎರಡು ಬೆರಳು ಬಾಯಿಗಿಟ್ಟು ಸಿಳ್ಳೆಯನ್ನೂ ಹೊಡೆದೆ. ನಮ್ಮ ಸುತ್ತಲಿನ ಅಷ್ಟೂ ಪಟ್ಟೆ ಸ್ಕಾರ್ಫುಗಳು ನನ್ನ ಕಡೆ ತಿರುಗಿದವು. ಹಿಡಿದವನು ಎದುರು ಪಕ್ಷದವನು. ರಘು ತಲೆಯನ್ನು ಅಂಗಿಯೊಳಗೆ ಎಳೆದುಕೊಂಡ.

ಪಕ್ಕದಲ್ಲಿ ಥರ್ಮಾಸ್ ಹಿಡಿದು ಕೂತಿದ್ದ ಮುದುಕಿಯೊಬ್ಬಳು ತಾಳ್ಮೆಯಿಂದ, ಹಾಗಾದರೆ ನಿನ್ನ ಟೀಮು ಯಾವುದಮ್ಮ ಎಂದು ಕೇಳಿದಳು.

"ಬೇಸ್‌ಬಾಲ್," ಎಂದೆ.

ಅವಳು "ಓ, ಲವ್," ಎಂದು, ಅಯ್ಯೋ ಕೂಸೇ ಅನ್ನುವ ದನಿಯಲ್ಲಿ, ನನ್ನ ಕೈ ಸವರಿ, ಥರ್ಮಾಸಿನಿಂದ ಚಹ ಬಗ್ಗಿಸಿ ಕೊಟ್ಟಳು. ನಮ್ಮಲ್ಲಿ ಸೂತಕದ ಮನೆಯಲ್ಲಿ ಚಹ ಕೊಡುತ್ತಾರಲ್ಲ, ಹಾಗೆ. ಚಹ ಚೆನ್ನಾಗಿತ್ತು.

ಬೇಸ್‌ಬಾಲ್ ಏಕೆ ಎಂದು ರೈಲಿನಲ್ಲಿ ರಘು ಸಿಟ್ಟಿನಿಂದಲೇ ಕೇಳಿದ. ಇದಕ್ಕೆ ನನ್ನ ಬಳಿ ಶಾಲೆಯ ಅನುಭವದ ಉತ್ತರವಿದೆ. ಫುಟ್ಬಾಲಿನಲ್ಲಿ, ಅದು ಯಾವ ಊರಿನ ಫುಟ್ಬಾಲೇ ಇರಲಿ, ಗಟ್ಟಿಯಿದ್ದವರಿಗೆ ಚೆಂಡು ಸಿಗುತ್ತದೆ. ಆಟ ಮುಗಿಯುವವರೆಗೂ ಒಮ್ಮೆಯೂ ಚೆಂಡು ಮುಟ್ಟದೆ, ಸುಮ್ಮನೆ ಹಿಂದೆ ಮುಂದೆ ಓಡಾಡಿ ಮನೆಗೆ ಹೋಗುವ ಹುಡುಗಿಯರನ್ನು ನಾನು ಬಹಳ ನೋಡಿದ್ದೇನೆ. ಬೇಸ್‌ಬಾಲಿನಲ್ಲಿ ಒಂಬತ್ತು ಜನರಿಗೆ ಸರದಿ. ಎಷ್ಟೇ ಸಣಕಲಿ ಇರಲಿ, ದಪ್ಪ ಕನ್ನಡಕದವಳಿರಲಿ, ಅವಳ ಪಾಳಿ ಬಂದಾಗ ಇಡೀ ಮೈದಾನ ಕೈಕಟ್ಟಿ ಅವಳಿಗಾಗಿ ಕಾಯಲೇಬೇಕು. ಅವಳ ಬದಲು ಗಟ್ಟಿಗಿತ್ತಿ ಇನ್ನೊಂದು ಸಲ ಹೊಡೆಯುವ ಹಾಗಿಲ್ಲ. ಗಡಿಯಾರ ತೋರಿಸಿ ಹೊತ್ತು ಕಳೆದು ಗೆಲ್ಲುವ ಹಾಗೂ ಇಲ್ಲ. ನನಗೆ ಆ ನ್ಯಾಯ ಹಿಡಿಸುತ್ತದೆ.

ಇಷ್ಟು ಪೀಠಿಕೆ ಹಾಕಿ ಮೇಘಾಳ ವಿಷಯಕ್ಕೆ ಬಂದೆ. "ರಘ್ಯಾ, ಮುಂದಿನ ಶನಿವಾರ ಅಕಿನ್ನ ಅಕೀ ಆಟಕ್ಕ ಬಿಡು."

ಅವನು ಕಿಟಕಿಯ ಕಡೆ ತಿರುಗಿದ.

"ಅಕ್ಕಾ, ನಾ ಇಲ್ಲಿ ಬಂದಾಗ ಆಫೀಸಿನ್ಯಾಗ ಸೋಮವಾರ ಸೋಮವಾರ ಎಲ್ಲಾರೂ ಫುಟ್ಬಾಲಿಂದೇ ಮಾತಾಡೋರು. ನಾ ಒಬ್ಬಾವ ಡಬ್ಬಿ ತಗೊಂಡು ಮೂಲ್ಯಾಗ ಕೂತು ಉಣ್ಣತಿದ್ದೆ. ಒಂದಿನ ಈ ಸ್ಕಾರ್ಫ್ ತಗೊಂಡೆ. ಮರುದಿನ ಇಬ್ಬರು ಬಂದು ಬಾಜೂಕ್ಕ ಕೂತ್ರು. ಮೇಘಾಗ ಆ ಮೂಲಿ ಬರಬಾರದು ಅಂತ ಅಕೀ ಸಣ್ಣಾಕಿದ್ದಾಗಿಂದ ಕರ್ಕೊಂಡು ಹೊಂಟೀನಿ. ಮುಂದಿನ ಶನಿವಾರದ್ದು ಈ ವರ್ಷದ ದೊಡ್ಡ ಮ್ಯಾಚ್. ಅಪ್ಪ ಮಗಳ ಸೀಟ್ ಜೋಡಿಲೆ ಅವ."

ತಮ್ಮನ ಒಂಟಿ ಊಟದ ಡಬ್ಬಿ ನನ್ನ ಕಣ್ಣ ಮುಂದೆ ಬಂತು. ಮೇಘಾಳ ಮಾತನ್ನು ಅಲ್ಲಿಗೇ ಬಿಟ್ಟೆ. ಆದರೆ ಮನೆಗೆ ಬಂದಾಗ ಬಾಗಿಲಲ್ಲಿ ನಿಂತಿದ್ದ ಮೇಘಾ ನನ್ನ ಮುಖ ನೋಡಿ, ಕೇಳದೆಯೇ ಒಳಗೆ ಹೋದಳು. ಅದನ್ನೂ ನೋಡಿದೆ. ಹೇಳಿ ಆಗದ ಕೆಲಸವನ್ನು ಹೇಳದೆ ಮಾಡಬೇಕು ಎಂದು ಆಗಲೇ ನಿಶ್ಚಯಿಸಿಕೊಂಡೆ.

ಎರಡನೆಯ ಶನಿವಾರ, ಸಣ್ಣ ಮೈದಾನ

ಶನಿವಾರ ಬೆಳಿಗ್ಗೆ ನನಗೆ ಹೊಟ್ಟೆನೋವು ಬಂತು. ಬಹಳ ಚಂದ ಬಂತು. ಪಿ.ಟಿ. ಪೀರಿಯಡ್ಡಿನಲ್ಲಿ ಹೊಟ್ಟೆನೋವೆಂದು ಮೂಲೆ ಹಿಡಿದು ಕೂರುವ ಹುಡುಗಿಯರನ್ನು ಅಷ್ಟು ವರ್ಷ ನೋಡಿದ್ದೇನೆ, ಎಲ್ಲಿ ನರಳಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲ ಗೊತ್ತು. ವೀಣಾಳಿಗೆ ಡ್ಯೂಟಿ ಇತ್ತು. "ಮೇಘಾ ಇರಲಿ ನನ್ನ ಹತ್ರ. ನೀ ಹೋಗು, ದೊಡ್ಡ ಮ್ಯಾಚ್ ತಪ್ಪಿಸಬ್ಯಾಡ," ಎಂದು ಕ್ಷೀಣ ಸ್ವರದಲ್ಲಿ ಹೇಳಿದೆ. ರಘು ಹಿಂದೆ ಹಿಂದೆ ನೋಡುತ್ತ ಹೋದ. ಅವನು ಓಣಿ ತಿರುಗುವಷ್ಟರಲ್ಲಿ ಮೇಘಾ ಹಸಿರು ಅಂಗಿ ಹಾಕಿ ನಿಂತಿದ್ದಳು. ಎಲ್ಲ ತಿಳಿದಿದ್ದ ವೀಣಾ ಡ್ಯೂಟಿಗೆ ಹೋಗುವ ದಾರಿಯಲ್ಲಿ ನಮ್ಮನ್ನು ಮೈದಾನದಲ್ಲಿಳಿಸಿ, "ಅಕ್ಕ, ಅವ್ರು ಫೋನ್ ಮಾಡಿ ಕೇಳಿದ್ರೆ ನಂಗೆ ಸುಳ್ಳು ಹೇಳೋಕ್ ಬರಲ್ಲ, ಮೊದ್ಲೇ ಹೇಳಿದೀನಿ," ಎಂದು ಎಚ್ಚರಿಸಿ ಹೋದಳು.

ಸಣ್ಣ ಮೈದಾನ. ತಂತಿ ಬೇಲಿ, ಮಡಚುವ ಕುರ್ಚಿ ತಂದು ಕೂತ ಹತ್ತಿಪ್ಪತ್ತು ಅಪ್ಪ ಅಮ್ಮಂದಿರು, ಎರಡು ನಾಯಿ, ಈರುಳ್ಳಿ ಹುರಿಯುವ ವಾಸನೆ. ಅಲ್ಲಿ ಸರದಿಯ ಪ್ರಕಾರ ತಂದೆ ತಾಯಿಯರೇ ಒಲೆಯ ಮುಂದೆ ನಿಲ್ಲುತ್ತಾರೆ. ನಾನು ಸಾಸೇಜು ಬೇಡವೆಂದದ್ದಕ್ಕೆ ಬ್ರೆಡ್ಡಿನ ನಡುವೆ ಬರೀ ಈರುಳ್ಳಿ ಹಾಕಿ ಕೊಟ್ಟರು. ಕೋಚಮ್ಮ ಮೇಘಾಳನ್ನು ನೋಡಿ, ಬ್ಯಾಟಿಂಗ್ ಸರದಿಯಲ್ಲಿ ಒಂಬತ್ತನೆಯ ಹೆಸರಾಗಿ ಬರೆದಳು. ಎರಡು ಸಲ ತಪ್ಪಿಸಿದವಳಿಗೆ ಕೊನೆಯ ಜಾಗವೇ ಸಿಗುವುದು.

ಪಂದ್ಯ ಅರ್ಧವಾಗುವ ಹೊತ್ತಿಗೆ ಬೇಲಿಯ ಆಚೆ ಒಂದು ಪಟ್ಟೆ ಸ್ಕಾರ್ಫು ಓಡಿ ಬಂತು.

ನನ್ನ ಹೊಟ್ಟೆನೋವು ರಘುವಿಗೆ ಮೊದಲ ಕಾಲುಭಾಗದ ಆಟವನ್ನೂ ನೆಟ್ಟಗೆ ನೋಡಗೊಟ್ಟಿರಲಿಲ್ಲ. ವರ್ಷದ ದೊಡ್ಡ ಮ್ಯಾಚನ್ನು ಬಿಟ್ಟು ರೈಲು ಹತ್ತಿ ಬಂದಿದ್ದ. ಮನೆ ಖಾಲಿ. ಗಾಬರಿಯಾಗಿ ವೀಣಾಳಿಗೆ ಫೋನು ಮಾಡಿದ್ದಾನೆ, ಅವಳು ತಾನು ಹೇಳಿದ ಹಾಗೆಯೇ ಸುಳ್ಳು ಹೇಳಿರಲಿಲ್ಲ. ಅವನ ಕೈಯಲ್ಲಿ ಔಷಧ ಅಂಗಡಿಯ ಚೀಲವಿತ್ತು.

"ಹೊಟ್ಟಿನೋವು ಅಂದಿದ್ದಿ, ಅಕ್ಕಾ."

"ಇತ್ತು. ಇಲ್ಲಿ ಬಂದಕೂಡ್ಲೇ ಕಡಿಮಿ ಆತು."

ನಗಿಸಲು ಹೇಳಿದ್ದೆ. ಅವನು ನಗಲಿಲ್ಲ. ಏದುಸಿರು ಬಿಡುತ್ತ ನಿಂತಿದ್ದವನನ್ನು ನೋಡಿ ನನಗೆ ನಿಜವಾಗಿಯೂ ನಾಚಿಕೆಯಾಯಿತು. ಕೈಯಲ್ಲಿದ್ದ ಈರುಳ್ಳಿ ಬ್ರೆಡ್ಡು ಅರ್ಧ ಮುರಿದು ಕೊಟ್ಟೆ. ಅವನು ಅದನ್ನು ತೆಗೆದುಕೊಳ್ಳುವ ಮೊದಲೇ ಮೇಘಾಳ ಸರದಿ ಬಂತು.

ಬಂದ ಚೆಂಡಿಗೆ ಅವಳು ಬೀಸಿದಳು. ಅದು ಪುಟಿಯುತ್ತ ನೇರ ಒಬ್ಬ ಹುಡುಗನ ಕಡೆ ಹೋಯಿತು. ಬೇಸ್‌ಬಾಲಿನಲ್ಲಿ ಇಂಥ ಹೊತ್ತಿನಲ್ಲಿ ಹಿಂದೆ ಮುಂದೆ ನೋಡದೆ ಓಡಲೇಬೇಕು, ಮೊದಲ ಬೇಸ್ ಎಂದರೆ ಮೂಲೆಯಲ್ಲಿಟ್ಟ ಬಿಳಿ ಮೆತ್ತೆ, ಅದನ್ನು ಚೆಂಡು ಮುಟ್ಟುವ ಮೊದಲು ತಾನು ಮುಟ್ಟಬೇಕು. ಹುಡುಗ ಚೆಂಡನ್ನು ತಡವರಿಸಿದ, ಮೇಘಾಳಿಗೆ ಹೊತ್ತಿತ್ತು. ಆಗ ನನ್ನ ಕಿವಿಯ ಪಕ್ಕದಲ್ಲೇ ಸಿಡಿಲು ಬಡಿಯಿತು.

"ನೋ! ನೋ! ನಿಲ್ಲೂ!"

ಕೊರಳಲ್ಲಿ ಮೆಲ್ಬರ್ನಿನ ಸ್ಕಾರ್ಫಿದ್ದರೇನು, ರಘುವಿನ ನಾಲಿಗೆ ಧಾರವಾಡದ ಕ್ರಿಕೆಟ್ಟಿನದು. ಚೆಂಡು ನೇರ ಫೀಲ್ಡರನ ಕೈಗೆ ಹೋದರೆ ರನ್ನಿಗೆ ಓಡಬಾರದು, ಜೊತೆಗಾರನನ್ನು ಕೂಗಿ ನಿಲ್ಲಿಸಬೇಕು. ಮೇಘಾ ಸಣ್ಣವಳಿದ್ದಾಗಿನಿಂದ ಹಿತ್ತಲಿನಲ್ಲಿ ಅಪ್ಪನ ಆ ಕೂಗಿಗೆ ನಿಂತು ರೂಢಿಯಾದವಳು. ನಡುದಾರಿಯಲ್ಲಿ ಗಕ್ಕನೆ ನಿಂತಳು. ಚೆಂಡು ಮೊದಲ ಬೇಸಿಗೆ ಹೋಯಿತು. ಔಟ್.

"ಅಲ್ಲಿ ಸಿಂಗಲ್ ಇದ್ದಿದ್ದಿಲ್ಲ, ಅಕ್ಕಾ," ಎಂದ ರಘು ಬಹಳ ಜವಾಬ್ದಾರಿಯಿಂದ.

ಈ ಆಟದಲ್ಲಿ ನಿಲ್ಲುವ ಸ್ವಾತಂತ್ರ್ಯ ಇಲ್ಲವೆಂದು ನಾನು ಬಿಡಿಸಿ ಹೇಳಿದೆ. ಅವನ ಮುಖದ ಬಣ್ಣ ಹೋಯಿತು. ಮೇಘಾ ನಮ್ಮ ಕಡೆ ನೋಡದೆ ಬೆಂಚಿಗೆ ಹೋಗಿ ಹೆಲ್ಮೆಟ್ಟು ತೆಗೆಯದೆ ಕೂತಳು. ಕೋಚಮ್ಮ ಅವಳ ಬಳಿ ಬಗ್ಗಿ ಏನೋ ಕೇಳಿದಳು, ಇವಳು ತಲೆ ಅಡ್ಡಡ್ಡ ಆಡಿಸಿದಳು. ಅಪ್ಪನ ಹೆಸರು ಹೇಳಲಿಲ್ಲವೆಂದು ದೂರದಿಂದಲೇ ತಿಳಿಯಿತು. ರಘುವಿಗೂ ತಿಳಿಯಿತು. ಅವನು ನನ್ನ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತು, ಔಷಧದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡ.

ಆದರೆ ಇದು ಸರದಿಯ ಆಟ. ಒಂದು ಸುತ್ತು ತಿರುಗಿ, ಕೊನೆಯ ಭಾಗದಲ್ಲಿ ಒಂಬತ್ತನೆಯವಳ ಪಾಳಿ ಮತ್ತೆ ಬಂತು. ಮೇಘಾ ಬ್ಯಾಟು ತೆಗೆದುಕೊಂಡು ಒಳಗೆ ಹೋಗುವ ಬದಲು ನೆಟ್ಟಗೆ ಬೇಲಿಯ ಕಡೆ ನಡೆದು ಬಂದಳು. ತಂತಿಯ ಆಚೆ ನಿಂತು ಅಪ್ಪನನ್ನು ನೋಡಿದಳು.

"ಅಪ್ಪಾ, ಇದು ನಂದು ಆಟ. ನೀ ಬಾಯಿ ಮುಚ್ಚಿಗೊಂಡು ನೋಡು."

ಹೇಳಿ, ತಿರುಗಿ ಹೋದಳು. ಸುತ್ತಲಿನವರಿಗೆ ಒಂದಕ್ಷರ ತಿಳಿಯಲಿಲ್ಲ. ರಘುವಿನ ಬಾಯಿ ತೆರೆದದ್ದು ತೆರೆದೇ ಇತ್ತು.

"ಅಕ್ಕಾ, ಕನ್ನಡದಾಗ ಬೈದಳು!" ಎಂದ ಪಿಸುದನಿಯಲ್ಲಿ. ಬೈಸಿಕೊಂಡ ಗಂಡಸಿನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಹಿಂದೆ ಕಂಡಿಲ್ಲ.

"ಬೈದಳಲ್ಲ, ಹಂಗಾದ್ರ ಬಾಯಿ ಮುಚ್ಚು."

ಅವನು ಸ್ಕಾರ್ಫಿನ ತುದಿಯನ್ನು ಮಡಚಿ ಬಾಯಿಗೆ ತುರುಕಿಕೊಂಡ. ಮೊದಲ ಚೆಂಡು ಬಹಳ ಹೊರಗೆ, ಮೇಘಾ ಬಿಟ್ಟಳು. ಎರಡನೆಯದಕ್ಕೆ ಬೀಸಿದಳು, ತಾಗಲಿಲ್ಲ. ಸ್ಕಾರ್ಫಿನೊಳಗಿಂದ ಏನೋ ಸದ್ದು ಬಂತು, ನಾನು ಅವನ ಕಾಲು ತುಳಿದೆ. ಮತ್ತೊಂದಕ್ಕೆ ಬೀಸಿ ತಪ್ಪಿದಳು. ಇನ್ನೊಂದು ತಪ್ಪಿದರೆ ಔಟ್. ಆಮೇಲಿನ ಎರಡು ಚೆಂಡು ನೆಲಕ್ಕೆ ಬಿದ್ದವು, ಬಿಟ್ಟಳು. ಪಿಚರ್ ಇನ್ನೊಂದು ಕೆಟ್ಟ ಚೆಂಡು ಹಾಕಿದರೆ ನಾಲ್ಕಾಗುತ್ತದೆ, ಆಗ ಹೊಡೆಯದೆಯೇ ಮೊದಲ ಬೇಸಿಗೆ ಹೋಗುವ ಹಕ್ಕು ಅವಳದು. ಆದರೆ ಕೆಟ್ಟದೆಂದು ಬಿಟ್ಟ ಚೆಂಡು ಒಳ್ಳೆಯದಾಗಿದ್ದರೆ ಕತೆ ಮುಗಿಯಿತು. ಬೀಸುವುದಕ್ಕಿಂತ ಬೀಸದೆ ನಿಲ್ಲುವುದಕ್ಕೆ ಹೆಚ್ಚು ಎದೆ ಬೇಕು.

ಚೆಂಡು ಬಂತು. ಮೊಣಕಾಲಿಗಿಂತ ಒಂದು ಗೇಣು ಕೆಳಗೆ. ಮೇಘಾ ಅಲುಗಾಡಲಿಲ್ಲ. ಅಂಪೈರು ಮೊದಲ ಬೇಸಿನ ಕಡೆ ಕೈ ತೋರಿಸಿದ. ಹಸಿರು ಅಂಗಿಯವರೆಲ್ಲ ಬೆಂಚಿನಿಂದ ಎದ್ದು ಅವಳ ಹೆಸರು ಕೂಗಿದರು. ಅವಳು ಬ್ಯಾಟು ಕೆಳಗಿಟ್ಟು, ಓಡದೆ, ನಡೆದುಕೊಂಡು ಹೋದಳು.

ರಘು ಬಾಯಿಂದ ಸ್ಕಾರ್ಫು ತೆಗೆದ. "ಹೊಡೀಲೇ ಇಲ್ಲಲ್ಲ ಅಕ್ಕಾ? ಆದ್ರೂ ಛಲೋ ಆತೇನು?"

"ಬಾಳ ಛಲೋ ಆತು."

"ಹಂಗಾರ ಈಗ ಚಪ್ಪಾಳಿ ಹೊಡೀಬಹುದೇನು?"

"ನನ್ನನ್ಯಾಕ ಕೇಳ್ತಿ? ಅಕಿನ್ನ ಕೇಳು."

ಅವನು ಎದ್ದು ಬೇಲಿಯ ಹತ್ತಿರ ಹೋದ. ಒಂದು ಮಾತೂ ಆಡದೆ ಎರಡೂ ಅಂಗೈಗಳನ್ನು ಎದೆಯ ಮುಂದೆ ಒಂದಕ್ಕೊಂದು ತಾಗಿಸದೆ ಹಿಡಿದುಕೊಂಡು, ಮಗಳ ಕಡೆ ನೋಡಿದ. ಮೇಘಾ ಮೊದಲ ಬೇಸಿನ ಮೇಲೆ ನಿಂತು ಹೆಲ್ಮೆಟ್ಟು ಸರಿಮಾಡಿಕೊಂಡಳು. ಅಪ್ಪನನ್ನು ಸ್ವಲ್ಪ ಹೊತ್ತು ಕಾಯಿಸಿದಳು. ಆಮೇಲೆ ತಲೆಯಾಡಿಸಿದಳು.